ಐನ್‌ಮನೆಯ ಜಗಲಿ, ಲೈನ್‌ಮನೆಯ ಗೋಡೆ

ವಿರಾಜಪೇಟೆಯಿಂದ ಅಮ್ಮತ್ತಿ ದಾಟಿ ಸಿದ್ದಾಪುರದ ಕಡೆ ಹೊರಟರೆ ದಾರಿಯುದ್ದಕ್ಕೂ ಕಾಫಿ ತೋಟ. ಈ ಸೀಮೆಯಲ್ಲಿ ಎರಡು ಬಗೆಯ ಕೂಡುಮನೆಗಳಿವೆ. ಒಂದು ಕೊಡವ ಒಕ್ಕದ, ಅಂದರೆ ಒಂದೇ ಮೂಲದ ಮನೆತನದ ಐನ್‌ಮನೆ, ಇನ್ನೊಂದು ತೋಟದ ಕಾರ್ಮಿಕರ ಲೈನ್‌ಮನೆ. ಬೆಂಗಳೂರಿನಲ್ಲಿ ಕೋ-ಲಿವಿಂಗ್ ಕಟ್ಟಡಗಳ ನಕ್ಷೆ ಬರೆಯುವವರು ಇವೆರಡನ್ನೂ ಒಮ್ಮೆ ಬಂದು ನೋಡಬೇಕು.

ಐನ್‌ಮನೆಯೊಳಕ್ಕೆ ಯಾರೂ ನೇರವಾಗಿ ನುಗ್ಗುವಂತಿಲ್ಲ. ಓಣಿ ಹತ್ತಿ ಬಂದರೆ ಮೊದಲು ಸಿಗುವುದು ಭತ್ತ ಬಡಿಯುವ ಕಣ. ಅಲ್ಲಿಂದ ಮೆಟ್ಟಿಲೇರಿದರೆ ಕೈಯಾಲೆ ಎಂಬ ಜಗಲಿ, ಅದರ ಕಂಬಗಳ ನಡುವೆ ಐಮರವೆಂಬ ದಪ್ಪ ಮರದ ಹಲಗೆ. ಹಿರಿಯರು ಕೂತು ಊರ ಮಾತಾಡುವುದು ಅಲ್ಲಿಯೇ. ಒಳಗಿನ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುದೀಪ, ಅದರಾಚೆ ಕೋಣೆಗಳು, ಅಡುಗೆಮನೆ. ದಾರಿಹೋಕನಿಗೆ ಎಲ್ಲಿಯವರೆಗೆ, ನೆಂಟನಿಗೆ ಎಲ್ಲಿಯವರೆಗೆ ಎಂಬುದನ್ನು ಮನೆಯೇ ಹೇಳುತ್ತಿತ್ತು. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಂದೇ ಸೂರಿನಡಿ ಬಾಳಿದ್ದಕ್ಕೆ ಈ ಮೆಟ್ಟಿಲುಮೆಟ್ಟಿಲಾದ ಕಟ್ಟಣೆಯೂ ಒಂದು ಕಾರಣ. ಜೊತೆಗೆ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಇಡೀ ಒಕ್ಕದ್ದು, ನೋಡಿಕೊಳ್ಳಲು ಪಟ್ಟೆದಾರನೆಂಬ ಹಿರಿಯನಿದ್ದ. ಇಂಥ ಮನೆಯಲ್ಲಿ ಹಿರಿಯ ಗಂಡಸರ ಮಾತೇ ನಡೆಯುತ್ತಿತ್ತು, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಮಾತಿಗೆ ಅಷ್ಟು ತೂಕವಿರಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಒಳಗಿದ್ದವರಿಗೆ ಇದು ನಮ್ಮ ಮನೆ, ಇಲ್ಲಿಂದ ನಮ್ಮನ್ನು ಯಾರೂ ಎಬ್ಬಿಸಲಾರರು ಎಂಬ ಧೈರ್ಯವಿತ್ತು.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಕಾಫಿ ತೋಟಗಳು ಹಬ್ಬಿದವು. ಒಕ್ಕದ ಒಂದೊಂದು ಕವಲೂ ತನ್ನ ತೋಟದಲ್ಲೇ ಮನೆ ಕಟ್ಟಿಕೊಂಡಿತು, ಐನ್‌ಮನೆಗಳು ಬರಿದಾಗುತ್ತ ಬಂದವು. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿ 2014ರಲ್ಲಿ ಪುಸ್ತಕವನ್ನೇ ತಂದರು. ಅವುಗಳಲ್ಲಿ ಎಷ್ಟೋ ಮನೆಗಳು ಈಗ ತುಂಬುವುದು ಸುಗ್ಗಿಹಬ್ಬವಾದ ಪುತ್ತರಿಗೆ, ಕುಲದ ಪೂರ್ವಜರಾದ ಕಾರೋಣರಿಗೆ ಎಡೆಯಿಡುವ ದಿನಕ್ಕೆ ಮಾತ್ರ.

ಅದೇ ಕಾಫಿ ಲೈನ್‌ಮನೆಗಳನ್ನೂ ಕಟ್ಟಿಸಿತು. ಸಾಲಾಗಿ ಕೋಣೆಗಳು, ಇಬ್ಬರ ನಡುವೆ ಒಂದೇ ಗೋಡೆ. ಹಳೆಯ ಲೈನುಗಳಲ್ಲಿ ಉಣ್ಣುವುದು, ಮಲಗುವುದು, ಹೆರುವುದು ಎಲ್ಲವೂ ಒಂದೇ ಕೋಣೆಯಲ್ಲಿ. ಪಕ್ಕದ ಮನೆಯ ಜಗಳ, ಕೆಮ್ಮು, ಅಳು ಎಲ್ಲ ಕೇಳಿಸುತ್ತದೆ. ದೊಡ್ಡ ತೋಟಗಳ ಕಾರ್ಮಿಕರಿಗೆ ಮಾಲೀಕರೇ ವಸತಿ ಕೊಡಬೇಕೆಂದು 1951ರ ಕಾಯ್ದೆ ಹೇಳಿತು. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡೇ ಉಳಿಯಿತು: ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. 2016ರಲ್ಲಿ ಸಿದ್ದಾಪುರದ ಆಚೆ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದ ನೂರಾರು ಆದಿವಾಸಿ ಕುಟುಂಬಗಳಲ್ಲಿ ಲೈನ್‌ಮನೆ ಬಿಟ್ಟು ಬಂದವರು ಬಹಳ ಮಂದಿ. ಆ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ಕಿತ್ತುಹಾಕಲಾಯಿತು. ದೊಡ್ಡ ಹೋರಾಟ ನಡೆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಜಾಗ ಸಿಕ್ಕಿತು. ನೆರೆಹೊರೆಯವರು ಎಷ್ಟೇ ಅನ್ಯೋನ್ಯವಾಗಿದ್ದರೂ ಕಾಲಡಿಯ ನೆಲದ ಮೇಲೆ ಹಕ್ಕಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಿಲ್ಲೆ ಆಗ ಕಣ್ಣಾರೆ ಕಂಡಿತು.

ನಗರದ ಪೇಯಿಂಗ್ ಗೆಸ್ಟ್ ಮನೆಗಳನ್ನು ನೋಡಿದಾಗ ನನಗೆ ನೆನಪಾಗುವುದು ಐನ್‌ಮನೆಯಲ್ಲ, ಲೈನ್. ಕೊಡಗಿನ ಎಷ್ಟೋ ಮಕ್ಕಳು ಇಂಥ ಪೇಯಿಂಗ್ ಗೆಸ್ಟ್ ಮನೆಗಳಲ್ಲೇ ಇದ್ದಾರೆ. ಕೋಣೆಗೆ ಮೂವರು, ನಾಲ್ವರು. ಬಾಗಿಲು ತೆರೆದರೆ ಇಕ್ಕಟ್ಟಿನ ಕಾರಿಡಾರ್, ಅದು ಮುಗಿದರೆ ರಸ್ತೆ. ನಡುವೆ ನಿಂತು ನಾಲ್ಕು ಮಾತಾಡಲು ಜಗಲಿಯಿಲ್ಲ. ಊಟದ ಹೊತ್ತು, ಗೇಟಿನ ಹೊತ್ತು, ಬಾಡಿಗೆ ಎಲ್ಲವೂ ಮಾಲೀಕರು ಹೇಳಿದಂತೆ. ದುಬಾರಿ ಕೋ-ಲಿವಿಂಗ್‌ನಲ್ಲಿ ಸೋಫಾ, ಜಿಮ್ ಸೇರಿಕೊಳ್ಳುತ್ತವೆ, ಆದರೆ ಅಲ್ಲಿರುವವರಿಗೆ ತೀರ್ಮಾನಗಳಲ್ಲಿ ಪಾಲು ಸಿಗುವುದು ಅಪರೂಪ.

ಈ ಸೀಮೆಯ ತೋಟಗಳಲ್ಲಿ ಹೊಸ ಲೈನ್ ಕಟ್ಟಿಸುವವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಪ್ರತಿ ಮನೆಗೂ ಪ್ರತ್ಯೇಕ ಶೌಚಾಲಯ, ಅಡುಗೆಮನೆ, ಮಲಗಲು ಬೇರೆ ಕೋಣೆ ಇರಲಿ. ಸದ್ದು ದಾಟದಷ್ಟು ದಪ್ಪದ ಗೋಡೆ ಇರಲಿ. ಇಷ್ಟಾದ ಮೇಲೆ ಸಾಲಿನ ಮುಂದೆ ಎಲ್ಲರಿಗೂ ಸೇರಿದ ಕಣ, ಮಳೆಗಾಲದಲ್ಲೂ ಕೂರುವಂಥ ಸೂರಿರುವ ಒಂದು ಜಗಲಿ ಬರಲಿ. ಅದು ಎಲ್ಲಿರಬೇಕು, ಹೇಗಿರಬೇಕು ಎಂದು ಅಲ್ಲಿ ವಾಸಿಸುವ ಹೆಂಗಸರನ್ನು ಪಾಯ ತೋಡುವ ಮೊದಲೇ ಕೇಳಬೇಕು.