ಧ್ವನಿಮುದ್ರಿಕೆಯೂ ಕಂಪನನಿಗ್ರಹವೂ

ಕಂಪನವಿಲ್ಲದೆ ನಾದವಿಲ್ಲ. ವೀಣೆಯ ತಂತಿಯಾಗಲಿ, ಮದ್ದಳೆಯ ಚರ್ಮವಾಗಲಿ, ಗಾಯಕನ ಕಂಠವಾಗಲಿ ಕಂಪಿಸಿದಾಗಲೇ ನಾದೋತ್ಪತ್ತಿ. ಆದರೆ ಆ ನಾದವನ್ನು ಮನೆಯಲ್ಲಿ ಮರಳಿ ಕೇಳಿಸುವ ಯಂತ್ರಕ್ಕೆ ಅನ್ಯಕಂಪನವೇ ಪರಮವೈರಿ. ಈ ವೈಚಿತ್ರ್ಯವು ವಿಚಾರಾರ್ಹವಾದುದು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ಬಳಕೆಗೆ ತಂದ ದೀರ್ಘವಾದನದ ಮುದ್ರಿಕೆಯು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅದರ ಗೀರು ತಲೆಗೂದಲಿನಷ್ಟು ಸಪೂರ. ಗೀರಿನ ಬಳುಕನ್ನು ಅನುಸರಿಸಿ ವಜ್ರದ ಮುಳ್ಳು ನಡುಗುತ್ತದೆ. ಆ ನಡುಕವು ವಿದ್ಯುತ್ತಾಗಿ ಮಾರ್ಪಟ್ಟು, ವರ್ಧಿಸಿ, ಧ್ವನಿವರ್ಧಕದಲ್ಲಿ ಮತ್ತೆ ನಾದವಾಗುತ್ತದೆ. ಮುಳ್ಳಿಗೆ ವಿವೇಚನೆಯಿಲ್ಲ. ಗಾಯಕನ ಆಲಾಪ, ಮೋಟಾರಿನ ಗುಡುಗು, ಮನೆಯವರ ಹೆಜ್ಜೆ ಎಲ್ಲವೂ ಅದಕ್ಕೆ ಸಮಾನ. ಧ್ವನಿವರ್ಧಕದ ಅಬ್ಬರವೇ ನೆಲದ ಮೂಲಕ ಮುಳ್ಳಿಗೆ ಮರಳಿ, ಪುನಃ ಪುನಃ ವರ್ಧಿಸಿ, ಕೊನೆಗೆ ಹುಂಕಾರವಾಗಿ ಸಂಗೀತವನ್ನು ನುಂಗುವುದೂ ಉಂಟು. ಮುಳ್ಳು ಹಾರಿಬಿದ್ದರೆ ಗೀರೇ ಗಾಯಗೊಳ್ಳುತ್ತದೆ. ಮರುಮುದ್ರಣ ಕಾಣದ ತಟ್ಟೆಯಾದರೆ, ದಿವಂಗತ ಗಾಯಕನೊಬ್ಬನ ಕಂಠವೇ ಅಷ್ಟರಮಟ್ಟಿಗೆ ಲುಪ್ತವಾದಂತೆ.

1961ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಡ್ಗರ್ ವಿಲ್ಚರ್ ಅವರು ಸರಳವಾದ ಉಪಾಯವೊಂದನ್ನು ಮುಂದಿಟ್ಟರು. ತಟ್ಟೆಯ ಪೀಠವನ್ನೂ ಮುಳ್ಳಿನ ತೋಳನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಅದನ್ನು ಮೂರು ಸ್ಪ್ರಿಂಗುಗಳಲ್ಲಿ ತೂಗಿಬಿಟ್ಟರು. ಮೋಟಾರನ್ನು ಆ ಚೌಕಟ್ಟಿನಿಂದ ಹೊರಗಿರಿಸಿ, ರಬ್ಬರ್ ಪಟ್ಟಿಯಿಂದ ಪೀಠವನ್ನು ತಿರುಗಿಸಿದರು. ಪೆಟ್ಟು ಬಿದ್ದರೂ ತಟ್ಟೆ, ತೋಳು ಎರಡೂ ಒಟ್ಟಿಗೇ ಅಲುಗುವುದರಿಂದ ಅವುಗಳ ಪರಸ್ಪರ ಸ್ಥಾನವು ಕೆಡುವುದಿಲ್ಲ.

ಆದರೆ ಸ್ಪ್ರಿಂಗಿಗೂ ಒಂದು ಮಿತಿಯುಂಟು. ಭಾರದಿಂದ ಅದು 1 ಸೆಂಟಿಮೀಟರ್ ಕುಗ್ಗಿದರೆ ಅದರ ಸಹಜಕಂಪನವು ಸೆಕೆಂಡಿಗೆ ಸುಮಾರು 5. ಅದರ 1.4 ಪಟ್ಟು, ಅಂದರೆ 7ನ್ನು ಮೀರಿದ ಕಂಪನಗಳನ್ನು ಮಾತ್ರ ಅದು ತಗ್ಗಿಸಬಲ್ಲುದು. 5ರ ಆಸುಪಾಸಿನವನ್ನು ಹೆಚ್ಚಿಸಿಯೇ ಬಿಡುತ್ತದೆ. ಆದುದರಿಂದ ಹಲಗೆಯ ನೆಲದ ಮೇಲಣ ಹೆಜ್ಜೆಯ ಮಂದಕಂಪನಕ್ಕೆ ಸ್ಪ್ರಿಂಗು ಮದ್ದಲ್ಲ. ಭದ್ರವಾದ ಗೋಡೆಗೆ ಬಿಗಿದ ಹಲಗೆಯ ಮೇಲೆ ಯಂತ್ರವನ್ನಿರಿಸುವುದೇ ಲೇಸು. ಧ್ವನಿವರ್ಧಕವನ್ನು ಅದೇ ಹಲಗೆಯ ಮೇಲೆ ಇಡಲಾಗದು.

ಇವಕ್ಕೆ ಹೆಚ್ಚಿನ ವೆಚ್ಚವಿಲ್ಲ, ಎಚ್ಚರವೊಂದೇ ಬೇಕು. ಹಿರಿಯರು ಕೂಡಿಟ್ಟ ಮುದ್ರಿಕೆಗಳು ಮುಂದಿನವರ ಕಿವಿಗೂ ದಕ್ಕಬೇಕಾದರೆ, ಅವುಗಳನ್ನು ಹೊತ್ತ ಪೀಠವು ಮೊದಲು ನಿಶ್ಚಲವಾಗಿರಬೇಕು.