ಗಾಳಿಗೊಂದು ಕಿಂಡಿ

1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಮಾನ್ಸೋ ಉದ್ಯಾನದಿಂದ ಆಂದ್ರೆ-ಜಾಕ್ ಗಾರ್ನೆರಾನ್ ಜಲಜನಕದ ಬಲೂನಿನಲ್ಲಿ ಮೇಲೇರಿದ. ಬಲೂನಿನ ಕೆಳಗೆ ಮಡಿಚಿದ ಕೊಡೆಯಂತೆ ನೇತುಬಿದ್ದ ಪ್ಯಾರಾಶೂಟ್, ಅದರ ಕೆಳಗೊಂದು ಬುಟ್ಟಿ, ಬುಟ್ಟಿಯಲ್ಲಿ ಅವನು. ಸುಮಾರು ಒಂದು ಕಿಲೋಮೀಟರ್ ಎತ್ತರ ಮುಟ್ಟಿದ ಮೇಲೆ ಚಾಕು ತೆಗೆದು ಹಗ್ಗ ಕತ್ತರಿಸಿದ. ಯುದ್ಧಕೈದಿಯಾಗಿ ಹಂಗೆರಿಯ ಬುಡಾದಲ್ಲಿ ಸೆರೆಯಲ್ಲಿದ್ದಾಗ, ಎತ್ತರದ ಗೋಡೆಯಿಂದ ಇಳಿದು ಪಾರಾಗುವುದು ಹೇಗೆಂದು ಯೋಚಿಸುತ್ತ ಅವನ ತಲೆಗೆ ಬಂದಿದ್ದ ಉಪಾಯ ಅದು. ಸೆರೆಯಿಂದ ಪಾರಾಗಲು ಒದಗಲಿಲ್ಲ, ಹೆಸರು ತಂದುಕೊಟ್ಟಿತು.

ಬಟ್ಟೆ ಬಿಚ್ಚಿಕೊಂಡು ಅವನ ಜೀವ ಉಳಿಸಿತು. ಆದರೆ ಬುಟ್ಟಿ ಸುಮ್ಮನೆ ಇಳಿಯಲಿಲ್ಲ, ಈ ಕಡೆಯಿಂದ ಆ ಕಡೆಗೆ ಭೀಕರವಾಗಿ ತೂಗಾಡಿತು. 1802ರಲ್ಲಿ ಲಂಡನ್ನಿನಲ್ಲಿ ಇಳಿದು ತೋರಿಸಿದಾಗಲೂ ಅದೇ ಪಾಡು. ಕಾರಣ ಸರಳವಾದದ್ದು. ಬಟ್ಟೆಯಡಿ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ಅಂಚು ಬಿಟ್ಟರೆ ಬೇರೆ ದಾರಿಯಿಲ್ಲ. ಒಮ್ಮೆ ಎಡದಂಚಿನಿಂದ ನುಗ್ಗುತ್ತದೆ, ಬಟ್ಟೆ ವಾಲುತ್ತದೆ, ಮರುಕ್ಷಣ ಬಲದಂಚಿನಿಂದ. ಗಾಳಿಯನ್ನು ಪೂರ್ತಿ ಹಿಡಿಯಹೋದದ್ದೇ ತೊಂದರೆಯ ಮೂಲವಾಗಿತ್ತು.

ಪ್ಯಾರಾಶೂಟಿನ ನೆತ್ತಿಯಲ್ಲೊಂದು ತೂತು ಮಾಡಿ ಎಂದು ಸೂಚಿಸಿದವನು ಖಗೋಳವಿಜ್ಞಾನಿ ಲಾಲಾಂಡ್ ಎಂದು ಹಾರಾಟದ ಇತಿಹಾಸಗಳು ಹೇಳುತ್ತವೆ. ಆಕಾಶದಿಂದ ಬೀಳುವವನಿಗೆ ‘ನಿನ್ನ ಬಟ್ಟೆಗೆ ತೂತು ಹಾಕಿಕೋ’ ಎನ್ನಲು ಗಟ್ಟಿ ಎದೆ ಬೇಕು. ಹಾಕಿಕೊಳ್ಳುವವನಿಗೆ ಇನ್ನೂ ಗಟ್ಟಿ. ಸ್ವಲ್ಪ ಗಾಳಿ ನಡುವಿನಿಂದ ನೇರ ಮೇಲಕ್ಕೆ ಹೋದರೆ ಅಂಚುಗಳ ಮೇಲಿನ ಒತ್ತಡ ಇಳಿಯುತ್ತದೆ, ತೂಗಾಟ ತಗ್ಗುತ್ತದೆ. ದುಂಡನೆಯ ಪ್ಯಾರಾಶೂಟುಗಳ ನೆತ್ತಿಯಲ್ಲಿ ಆ ಕಿಂಡಿ ಇಂದಿಗೂ ಇದೆ.

ಆದರೆ ಗಾಳಿಗೆ ಕಿಂಡಿ ಬಿಡುವ ಜಾಣತನ ಯುರೋಪಿನದಷ್ಟೇ ಅಲ್ಲ. ಕೊರಿಯಾದ ‘ಪಾಂಗ್‌ಪೇ ಯೋನ್’, ಅಂದರೆ ಗುರಾಣಿ ಪಟ, ನೋಡಿ. ಬಿದಿರಿನ ಐದು ಕಡ್ಡಿ, ಆ ನಾಡಿನದೇ ಕೈಕಾಗದ, ಆಯತಾಕಾರ, ಬಾಲಂಗೋಚಿಯಿಲ್ಲ. ನಟ್ಟನಡುವೆ ದೊಡ್ಡದೊಂದು ದುಂಡು ತೂತು. ಜೋರುಗಾಳಿ ಅದರ ಮೂಲಕ ದಾಟಿಹೋಗುವುದರಿಂದ ಕಾಗದದ ಮೇಲಿನ ಹೊರೆ ಕಡಿಮೆಯಾಗುತ್ತದೆ, ದಾರ ಜಗ್ಗಿದ ಕಡೆ ಪಟ ತಟ್ಟನೆ ತಿರುಗುತ್ತದೆ. ದಾರ ಕತ್ತರಿಸುವ ಪಂದ್ಯಕ್ಕೆ ಬೇಕಾದದ್ದೂ ಅದೇ. 1592ರಲ್ಲಿ ಆರಂಭವಾದ ಜಪಾನ್ ಜೊತೆಗಿನ ಯುದ್ಧದಲ್ಲಿ ನೌಕಾಧಿಪತಿ ಯಿ ಸುನ್-ಶಿನ್ ಪಟಗಳ ಮೂಲಕ ಸಂಕೇತ ಕಳಿಸಿದನೆಂಬ ಪ್ರತೀತಿ ಅಲ್ಲಿದೆ. ಆ ತೂತನ್ನು ಮೊದಲು ಕೊರೆದವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನನ್ನ ಮಟ್ಟಿಗೆ ಈ ಕತೆಯ ನಾಯಕ ಅವನೇ. ನಮ್ಮ ಆಷಾಢದ ಪಟದವರು ಜೋರುಗಾಳಿಯ ಕಾಟಕ್ಕೆ ಬೇರೆ ಮದ್ದು ಕಂಡುಕೊಂಡರು: ಗಾಳಿ ಹೆಚ್ಚಾದರೆ ಬಾಲಂಗೋಚಿ ಉದ್ದ ಮಾಡು.

ಕೈಗೊಂದು ದಾರ ಹಿಡಿದು ಬೇಕಾದ ಕಡೆ ತಿರುಗಿಸುವ ಎರಡು ದಾರದ ಪಟಕ್ಕೆ ಬಾಲಂಗೋಚಿಯ ಮದ್ದು ಅಷ್ಟಾಗಿ ಒಗ್ಗುವುದಿಲ್ಲ, ಚುರುಕು ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಪಾಲ್ ಗಾರ್ಬರ್ ವಿಮಾನದ ಚಿತ್ರ ಬಳಿದ ಎರಡು ದಾರದ ಪಟ ಮಾಡಿ, ತೋಪಿನವರಿಗೆ ಗುರಿಯಾಗಿ ಕೊಟ್ಟ. 1970ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಅಂಥದ್ದನ್ನು ಆಟಿಕೆಯಾಗಿ ಮನೆಮನೆಗೆ ಮುಟ್ಟಿಸಿದ. ನೈಲಾನ್ ಬಟ್ಟೆ, ಕಾರ್ಬನ್ ಕಡ್ಡಿ ಬಂದ ಮೇಲೆ ಪಟ ಹಗುರಾಯಿತು, ಅದರ ಜೊತೆ ಜೋರುಗಾಳಿಯ ಹಳೆಯ ಪೀಡೆಯೂ ಮರಳಿತು.

ಗಾಳಿಯ ವೇಗ ಇಮ್ಮಡಿಸಿದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ಇದ್ದದ್ದು 20ಕ್ಕೆ ಏರಿದರೂ ಸಾಕು, ಎಳೆತ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. 30 ಆದರೆ ತೋಳು ಕಿತ್ತುಬಂದಂತಾಗಿ ಕಡ್ಡಿಯೂ ಮುರಿದೀತು. ಆಗ ಪಟ ಹೊಲಿಯುವವರು ಹಿಡಿದದ್ದು ಕೊರಿಯಾದ ದಾರಿಯನ್ನೇ. ಬಟ್ಟೆಯ ಕೆಲವು ಪಟ್ಟಿಗಳನ್ನು ಕತ್ತರಿಸಿ ತೆಗೆದು ಅಲ್ಲಿ ಬಲೆಬಟ್ಟೆ ಕೂರಿಸಿದರು. ಬರಿಯ ತೂತಾದರೆ ಅಂಚು ಪಟಪಟಿಸಿ ಹರಿಯುತ್ತದೆ, ಬಲೆಯಾದರೆ ಆಕಾರ ಉಳಿದು ಗಾಳಿ ಮಾತ್ರ ಸೋಸಿಹೋಗುತ್ತದೆ. ಈಗ ಕೆಲವು ಮಾದರಿಗಳು ಬಲೆಯಿಲ್ಲದ್ದು, ಅರೆಬಲೆಯದು, ಪೂರ್ಣಬಲೆಯದು ಎಂದು ಮೂರು ಬಗೆಯಲ್ಲಿ ಸಿಗುತ್ತವೆ.

ಗಾಳಿ ಒಂದೇ ಸಮನೆ ಜೋರಾಗಿದ್ದರೆ ಬಲೆಪಟ ಸುಖ. ಕಷ್ಟ ಬರುವುದು ಅದು ಏರಿಳಿಯುವಾಗ. ಬೀಸು ಇಳಿದೊಡನೆ ಬಲೆಪಟಕ್ಕೆ ಕಸುವಿಲ್ಲ, ಕುಸಿಯತೊಡಗುತ್ತದೆ. ಆಗ ಹಾರಿಸುವವನು ಹಿಂದಕ್ಕೆ ಹೆಜ್ಜೆಯಿಟ್ಟು ತಾನೇ ಗಾಳಿ ಹುಟ್ಟಿಸಬೇಕು. ಬೀಸು ಬಂದಾಗ ಪಟದತ್ತ ನಾಲ್ಕು ಹೆಜ್ಜೆ ನಡೆದು ಎಳೆತ ಸಡಿಲಿಸಬೇಕು. ಇಲ್ಲವೇ ಪಟವನ್ನು ಎದುರಿನಿಂದ ಪಕ್ಕಕ್ಕೆ, ಗಾಳಿಯ ಅಂಚಿಗೆ, ಒಯ್ಯಬೇಕು. ಅಲ್ಲಿ ಸೆಳೆತ ಎಲ್ಲಕ್ಕಿಂತ ಕಡಿಮೆ. ಬಲೆ ಕಾಲಿನ ಕೆಲಸ ತಪ್ಪಿಸುವುದಿಲ್ಲ, ಯೋಚಿಸಲು ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೆ.

ಹೊಸದಾಗಿ ಎರಡು ದಾರದ ಪಟ ಕೊಳ್ಳುವವರಿಗೆ ಒಂದು ಮಾತು: ಮೊದಲು ಬಲೆಯಿಲ್ಲದ್ದನ್ನೇ ಕೊಂಡು ಕೈ ಪಳಗಿಸಿಕೊಳ್ಳಿ. ನಿಮ್ಮ ಬಯಲಿನ ಗಾಳಿ ದಿನವೂ ಗಂಟೆಗೆ 25 ಕಿ.ಮೀ. ಮೀರುತ್ತದೆಂದು ಖಚಿತವಾದ ಮೇಲೆ ಬಲೆಪಟಕ್ಕೆ ದುಡ್ಡು ಹಾಕಿ.