ಲಾರಿಯ ಮುಂಗಾಲಿ ಸದ್ದು ಮಾಡಿದರೆ

ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ಮಾಲು ತುಂಬಿ ಹೊರಟಾಗ ಲಾರಿಯ ಮುಂಭಾಗ ಸದ್ದು ಮಾಡಿದರೆ ಅಲಕ್ಷಿಸಬೇಡಿ. ಕಿರುಗುಟ್ಟಿದರೆ ಸಾಮಾನ್ಯವಾಗಿ ಕಮಾನುಪಟ್ಟಿಯ ಪಿನ್ನುಗಳಲ್ಲಿ ಗ್ರೀಸು ಒಣಗಿದೆ ಎಂದರ್ಥ. ತಗ್ಗು ದಾಟುವಾಗ ‘ಟಕ್’ ಎಂದರೆ ಬುಷ್ ಸವೆದಿರಬಹುದು, ಇಲ್ಲವೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗಿರಬಹುದು. ಯು-ಬೋಲ್ಟನ್ನೇ ಮೊದಲು ನೋಡಿ. ಅದು ಸಡಿಲಿದರೆ ಪಟ್ಟಿಯ ನಡುಬೋಲ್ಟು ತುಂಡಾಗಿ ಆಕ್ಸಲ್ಲೇ ಜರುಗೀತು.

ಇನ್ನು ಚಕ್ರದ ಆಟ. ಲಾರಿ ಖಾಲಿಯಿರುವಾಗ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಜಾಕಿಯಿಂದ ಎತ್ತಿ, ಅಡಿಗೆ ಗಟ್ಟಿ ಮರದ ದಿಮ್ಮಿ ಇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿತೇ? ಮಗನಿಗೋ ಕ್ಲೀನರನಿಗೋ ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಎಡಬಲಕ್ಕೆ ಅಲುಗಿಸಿದಾಗ ಮಾತ್ರ ಆಡಿದರೆ ಟೈ-ರಾಡಿನ ತುದಿಗಳನ್ನು ಪರೀಕ್ಷಿಸಿ.

ಇಷ್ಟು ತಿಳಿದು ಗ್ಯಾರೇಜಿಗೆ ಹೋದರೆ, ಬೇರಿಂಗು ಬಿಗಿಸಿದರೆ ಸಾಕಾಗುವ ಕಡೆ ಕಿಂಗ್‌ಪಿನ್ನಿಗೆ ಹಣ ಸುರಿಯಬೇಕಾಗಿಲ್ಲ. ಟೈ-ರಾಡು ಸಡಿಲವೆಂದು ಕಂಡ ದಿನ ಮಾತ್ರ ಲೋಡು ತುಂಬುವುದೇ ಬೇಡ. ಟೊಮೆಟೊ ಬೇರೆ ಗಾಡಿಯಲ್ಲಿ ಹೋಗಲಿ.